ಕಡತದಿಂದ ಡಾರ್ಕ್ ಮೋಡ್‌ವರೆಗೆ: ಪರದೆಯ ಬಣ್ಣ ಮತ್ತು ಕನ್ನಡ ಲಿಪಿ

ತಂತ್ರಾಂಶಗಳು ಡಾರ್ಕ್ ಮೋಡ್ ಮತ್ತು ಲೈಟ್ ಮೋಡ್ ಎರಡನ್ನೂ ಒದಗಿಸಬೇಕೆ ಎಂಬುದನ್ನು ಸಾಮಾನ್ಯವಾಗಿ ಅಭಿರುಚಿಯ ಪ್ರಶ್ನೆಯೆಂದೇ ಭಾವಿಸಲಾಗುತ್ತದೆ. 2018ರಲ್ಲಿ ಮ್ಯಾಕ್‌ಓಎಸ್ ಮೊಹಾವಿ, 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಈ ಆಯ್ಕೆಯನ್ನು ಇಡೀ ವ್ಯವಸ್ಥೆಗೆ ಅನ್ವಯಿಸಿದ ಮೇಲೆ ಅದು ರೂಢಿಯೇ ಆಗಿದೆ. ಆದರೆ ಲಿಪಿಯನ್ನು ಬದಿಗಿಟ್ಟು ಬಣ್ಣವನ್ನಷ್ಟೇ ಚರ್ಚಿಸುವ ಈ ಕ್ರಮ ಅಪೂರ್ಣ. ಕರ್ನಾಟಕದ ಹೊರಗಿನ ಕನ್ನಡ ಓದುಗರ ವಿಷಯದಲ್ಲಿ ಈ ಅಪೂರ್ಣತೆ ಇನ್ನಷ್ಟು ಸ್ಪಷ್ಟ.

ಕನ್ನಡ ಬರಹಕ್ಕೆ ಈ ಎರಡು ವಿಧಾನಗಳೂ ಹೊಸವಲ್ಲ. ತಾಳೆಗರಿಯಲ್ಲಿ ಕಂಟದಿಂದ ಕೊರೆದು ಮಸಿ ತೀಡಿದ ಅಕ್ಷರ ತಿಳಿ ಹಿನ್ನೆಲೆಯ ಕಪ್ಪು ಬರಹ. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದದ್ದು ಕಪ್ಪು ಹಿನ್ನೆಲೆಯ ಬಿಳಿ ಬರಹ. ಗ್ರಂಥಗಳು ತಾಳೆಗರಿಯಲ್ಲಿ ಉಳಿದವು. ಅಳಿಸಿ ತಿದ್ದಬೇಕಾದ ಲೆಕ್ಕಪತ್ರಗಳು ಕಡತ ಸೇರಿದವು. ಅಲ್ಲಿ ಹಿನ್ನೆಲೆಯನ್ನು ನಿರ್ಧರಿಸಿದ್ದು ಕೆಲಸದ ಸ್ವರೂಪವೇ ಹೊರತು ಮೋಹವಲ್ಲ. ಬಳಪದ ಗೀಟು ಕಂಟದ ಗೀಟಿಗಿಂತ ದಪ್ಪ. ಸಾಧನ ಬದಲಾದಂತೆ ಅಕ್ಷರದ ಮೈಯೂ ಬದಲಾಯಿತು. ಇಂದಿನ ತಂತ್ರಾಂಶಗಳು ಮರೆತಿರುವುದು ಈ ಎರಡನೆಯ ಅಂಶವನ್ನು.

ಓದಿನ ಅಧ್ಯಯನಗಳು ಬಹುಮಟ್ಟಿಗೆ ತಿಳಿ ಹಿನ್ನೆಲೆಯ ಪರವಾಗಿವೆ. ಡ್ಯೂಸೆಲ್ಡಾರ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿರಿಯರೂ ಹಿರಿಯರೂ ತಿಳಿ ಹಿನ್ನೆಲೆಯಲ್ಲೇ ಉತ್ತಮವಾಗಿ ಓದಿದರು. ಬೆಳಕು ಹೆಚ್ಚಿದಾಗ ಕಣ್ಣಿನ ಪಾಪೆ ಕಿರಿದಾಗಿ ಬಿಂಬ ಚುರುಕಾಗುತ್ತದೆ ಎಂಬುದು ಇದಕ್ಕೆ ನೀಡುವ ವಿವರಣೆ. ಆದರೆ ಪೊರೆ ಬಂದ ಕಣ್ಣಿಗೆ ಬಿಳಿ ಹಿನ್ನೆಲೆಯ ಬೆಳಕು ಚದುರಿ ಕುಕ್ಕುತ್ತದೆ. ಅಂಥವರಿಗೆ ಕಪ್ಪು ಹಿನ್ನೆಲೆಯೇ ಅನುಕೂಲ. ಹೀಗಾಗಿ ಒಂದನ್ನೇ ಎಲ್ಲರ ಮೇಲೆ ಹೇರುವುದು ಸಮರ್ಥನೀಯವಲ್ಲ.

ಆದರೂ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ ತನ್ನ ನಿಜ ಅಳತೆಗಿಂತ ದಪ್ಪವಾಗಿ ಕಾಣುತ್ತದೆ. ಧ, ಢ, ಭ, ಫ ಅಕ್ಷರಗಳನ್ನು ದ, ಡ, ಬ, ಪ ಅಕ್ಷರಗಳಿಂದ ಬೇರ್ಪಡಿಸುವುದು ಕೆಳಗಿನ ಒಂದು ಕಿರುಗೀಟು. ಗೆರೆ ಹರಡಿದಾಗ ಮೊದಲು ಮಸುಕಾಗುವುದು ಅದೇ. ಒತ್ತಕ್ಷರಗಳದೂ ಅದೇ ಪಾಡು. ಜಾಲದ ಸುಗಮ್ಯತೆಯ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ ಕೇಳುವ 4.5:1 ಅನುಪಾತ ಬಣ್ಣಗಳ ಅಂತರವನ್ನು ಅಳೆಯುತ್ತದೆ, ಗೀಟಿನ ಉಳಿವನ್ನಲ್ಲ. ಅಚ್ಚ ಕಪ್ಪಿನ ಮೇಲಿನ ಅಚ್ಚ ಬಿಳಿ 21:1ರ ಗರಿಷ್ಠ ಅಂಕ ಪಡೆದೂ ‘ಧನ’ವನ್ನು ‘ದನ’ವಾಗಿ ತೋರಿಸಬಹುದು.

ಈ ದೋಷದ ಹೊರೆ ಎಲ್ಲರಿಗೂ ಸಮನಲ್ಲ. ಪಿಎಸ್‌ಜಿ ತಂತ್ರಜ್ಞಾನ ಕಾಲೇಜು, ಟೈಡಲ್ ಪಾರ್ಕ್‌ಗಳಿರುವ ಪೀಳಮೇಡು ಕೊಯಮತ್ತೂರಿನ ತಂತ್ರಾಂಶೋದ್ಯಮದ ನೆಲೆ. ಅದೇ ಕೊಯಮತ್ತೂರು ಸೀಮೆಯಲ್ಲಿ ದೇವಾಂಗ ನೇಕಾರರೇ ಮೊದಲಾದವರು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ಶಾಲೆಯಲ್ಲಿ ಕಲಿಯುವುದು ಮಾತ್ರ ತಮಿಳು ಲಿಪಿ. ಆ ಲಿಪಿಯಲ್ಲಿ ಮಹಾಪ್ರಾಣಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಮನೆಯ ಆಡುಮಾತಿನಲ್ಲೂ ಆ ಭೇದ ದುರ್ಬಲ. ಧಾರವಾಡದ ಓದುಗ ಅಳಿಸಿದ ಗೀಟನ್ನು ಅಭ್ಯಾಸಬಲದಿಂದ ತುಂಬಿಕೊಳ್ಳುತ್ತಾನೆ. ಫೋನಿನ ಪರದೆಯಲ್ಲೇ ಕನ್ನಡ ಅಕ್ಷರ ಕಲಿಯುತ್ತಿರುವ ಪೀಳಮೇಡಿನ ಓದುಗನಿಗೆ ಆ ಗೀಟೊಂದೇ ಆಧಾರ.

ಎರಡು ವಿಧಾನಗಳೆಂದರೆ ಇಮ್ಮಡಿ ಪರೀಕ್ಷೆ, ಸಣ್ಣ ತಂಡಗಳಿಗೆ ಅದು ಭಾರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪರಿಹಾರ ದುಬಾರಿಯಲ್ಲ. ನೋಟೊ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ಗೆರೆಯ ದಪ್ಪವನ್ನು 100ರಿಂದ 900ರವರೆಗೆ ಹೊಂದಿಸಬಹುದು. ಡಾರ್ಕ್ ಮೋಡ್‌ನಲ್ಲಿ ಅದನ್ನು ತುಸು ಇಳಿಸಿ, ಅಕ್ಷರದ ಗಾತ್ರವನ್ನು ತುಸು ಏರಿಸಿ, ಅಚ್ಚ ಬಿಳಿಯ ಬದಲು ಬೂದು ಛಾಯೆ ಬಳಸಿದರೆ ಗೀಟು ಉಳಿಯುತ್ತದೆ.

ಆದ್ದರಿಂದ ಎರಡೂ ಇರಬೇಕು. ದೀರ್ಘ ಓದಿಗೆ ತಿಳಿ ಹಿನ್ನೆಲೆ ಮೊದಲ ಆಯ್ಕೆಯಾಗಿರಬೇಕು. ಬಣ್ಣಗಳನ್ನು ತಿರುವುಮುರುವು ಮಾಡಿದ ಮಾತ್ರಕ್ಕೆ ಡಾರ್ಕ್ ಮೋಡ್ ಸಿದ್ಧವಾಗದು; ಅದು ಕನ್ನಡಕ್ಕೆ ಸಿದ್ಧವಾಗುವುದು ದ ಮತ್ತು ಧ ಅಕ್ಷರಗಳು ಅದರಲ್ಲಿ ಬೇರೆಬೇರೆಯಾಗಿ ಕಂಡಾಗ.