ಟಿಪ್ಪರಿನ ಪೆಟ್ಟಿಗೆ ಕಾಯುವುದು ಯಾರನ್ನು?

ಅಕ್ರಮ ಗಣಿಗಾರಿಕೆಯ ಮಾತು ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: 'ಅದೆಲ್ಲ ಹಳೇ ಕಥೆ, ಈಗ ಎಲ್ಲ ಗಾಡಿಗೂ ಜಿಪಿಎಸ್ ಇದೆಯಲ್ಲ!' ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದ ಆಸುಪಾಸಿನ ಝುವಾರಿನಗರ, ವಾಸ್ಕೋಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆಸಿದವರು ಬಹಳ. ಬಳ್ಳಾರಿಯ ಗಣಿ ನಿಂತದ್ದನ್ನೂ ಗೋವಾದ ಗಣಿ ನಿಂತದ್ದನ್ನೂ ಕಂಡವರು ಅವರಲ್ಲಿದ್ದಾರೆ. ಅವರ ಬಾಯಲ್ಲೂ ಇದೇ ಮಾತು. ಆದರೆ ಸ್ಟೇರಿಂಗ್ ಹಿಡಿದವನ ಸೀಟಿನಲ್ಲಿ ಕೂತು ನೋಡಿದರೆ ಈ ಭರವಸೆಯಲ್ಲಿ ನಿಜ ಅರ್ಧವೇ.

ಮೊದಲು ಕಳ್ಳತನದ ವಿಷಯ. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಕರ್ನಾಟಕದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತು. ಮರುವರ್ಷ ಗೋವಾ ಕುರಿತ ಶಾ ಆಯೋಗದ ಅಂದಾಜು ಸುಮಾರು 35,000 ಕೋಟಿ. ಎರಡೂ ವರದಿಗಳು ಬೊಟ್ಟು ಮಾಡಿದ್ದು ಗುತ್ತಿಗೆಯ ಗಡಿ ಮೀರಿದ ಅಗೆತ, ಪರ್ಮಿಟ್ ಇಲ್ಲದ ಸಾಗಣೆ, ಕಂಡೂ ಕಾಣದಂತಿದ್ದ ಅಧಿಕಾರಿಗಳತ್ತ. ಕರ್ನಾಟಕದ ಬೇಲೇಕೇರಿಯಲ್ಲಂತೂ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಅದಿರೇ ಬಂದರಿನಿಂದ ಮಾಯವಾಯಿತು. ಆ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದವರಲ್ಲಿ ಕಾರವಾರದ ಶಾಸಕರೂ ಬಂದರಿನ ಅಧಿಕಾರಿಯೂ ಇದ್ದರು. ಮುಂದೆ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಲಾರಿಯ ಡ್ಯಾಶ್‌ಬೋರ್ಡಿನ ಕೆಳಗೆ ಎಂಥ ಜಿಪಿಎಸ್ ಪೆಟ್ಟಿಗೆ ಕೂರಿಸಿದ್ದರೂ ಆ ಅದಿರು ಉಳಿಯುತ್ತಿತ್ತೇ?

ಇನ್ನು ಸುರಕ್ಷತೆ. ವೇಗ ಮೀರಿದರೆ, ಗೊತ್ತುಮಾಡಿದ ದಾರಿ ಬಿಟ್ಟರೆ ಕಂಟ್ರೋಲ್ ರೂಮಿಗೆ ಸುದ್ದಿ ಹೋಗುತ್ತದೆ. ಸರಿಯೇ. ಆದರೆ ಚಾಲಕ ವೇಗ ಮೀರಿದ್ದು ಯಾಕೆ? ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿದ್ದರೆ, ಲೋಡಿಗಾಗಿ ಕ್ಯೂ ನಿಂತ ಹೊತ್ತು, ಕಾಟಾದ ಮುಂದೆ ಕಾದ ಹೊತ್ತು, ಸಾಗಣೆ ಪಾಸಿನ ಸರ್ವರ್ ಕೈಕೊಟ್ಟ ಹೊತ್ತು ಎಲ್ಲವೂ ಪುಕ್ಕಟೆ. ಬೆಳಿಗ್ಗೆ ಕಳೆದುಕೊಂಡದ್ದನ್ನು ಸಂಜೆಯ ರಸ್ತೆಯಲ್ಲಿ ಸರಿದೂಗಿಸಬೇಕು. ಗಾಡಿ ನಿಂತದ್ದೂ ಅದೇ ಪೆಟ್ಟಿಗೆಯಲ್ಲಿ ದಾಖಲಾಗಿರುತ್ತದೆ. ಓಡಿದ್ದಕ್ಕೆ ನೋಟಿಸು ಕೊಡುವವರು ಕಾಯಿಸಿದ್ದಕ್ಕೆ ಬತ್ತಾ ಕೊಡುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಗೆರೆ ಎಳೆದಿತ್ತು. ಗಂಟೆ ಎಣಿಸಲು ಇಷ್ಟು ಚುರುಕಾದ ಯಂತ್ರ ಕೈಗೆ ಬಂದ ಮೇಲೂ ಆ ಗೆರೆಯನ್ನು ಅದರಿಂದ ಅಳೆಯೋಣ ಅನ್ನುವವರಿಲ್ಲ.

ಓವರ್‌ಲೋಡಿನ ಕಥೆ ಇನ್ನೂ ಸ್ಪಷ್ಟ. ಬಕೆಟ್ಟಿನಲ್ಲಿ ಅದಿರು ಎತ್ತಿ ಸುರಿಯುವವನು ಚಾಲಕನಲ್ಲ. ಎಷ್ಟು ಸಾಕೆಂದು ಹೇಳುವ ಅಧಿಕಾರವೂ ಅವನಿಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ ಇದು ಗೊತ್ತಿತ್ತು. ಅತಿಭಾರದ ಗಾಡಿ ಓಡಿಸಿದವನು ಮಾಲೀಕನಲ್ಲದಿದ್ದರೆ, ಅದು ಮಾಲೀಕನಿಗೆ ಗೊತ್ತಿದ್ದೋ ಅವನ ಅಪ್ಪಣೆಯಿಂದಲೋ ಆದದ್ದೆಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಅದರ 113ನೇ ಕಲಂ. ಅಂದರೆ ಕಾನೂನು ಮೇಲಕ್ಕೆ ನೋಡಲು ಹೇಳುತ್ತದೆ. ಪೆಟ್ಟಿಗೆಯನ್ನು ಮಾತ್ರ ಕೆಳಗಿನವನತ್ತ ತಿರುಗಿಸಿ ಇಟ್ಟಿದ್ದೇವೆ.

ಹಾಗಾದರೆ ಕಿತ್ತೊಗೆಯಬೇಕೇ? ಖಂಡಿತ ಬೇಡ. ಗೋವಾದ ಸತ್ತರಿ ತಾಲ್ಲೂಕಿನ ಸೋನಶಿಯ ಜನ 2017ರಲ್ಲಿ ಧೂಳು ತಡೆಯಲಾರದೆ ಅದಿರು ಲಾರಿಗಳನ್ನು ಅಡ್ಡಗಟ್ಟಿ ಜೈಲು ಕಂಡರು. ಅಂಥ ಊರುಗಳ ನಡುವೆ ಎಷ್ಟು ಗಾಡಿ, ಯಾವ ಹೊತ್ತಿಗೆ, ಎಷ್ಟು ವೇಗದಲ್ಲಿ ಹೋಯಿತೆಂಬ ದಾಖಲೆ ಬೇಕೇ ಬೇಕು. ಕಣ್ಗಾವಲೆಂದರೆ ದಬ್ಬಾಳಿಕೆ ಎಂದು ಒಂದೇ ಏಟಿಗೆ ತಳ್ಳಿಹಾಕುವವರು ಈ ಊರಿನವರನ್ನು ಮರೆಯುತ್ತಾರೆ. ಅಪಘಾತವಾದಾಗ ಚಾಲಕನ ತಪ್ಪಿಲ್ಲವೆಂದು ಸಾಬೀತುಮಾಡಬಲ್ಲದ್ದೂ ಅದೇ ದಾಖಲೆ. ಆದರೆ ಅದು ಅವನ ಕೈಗೆ ಸಿಗಬೇಕಲ್ಲ?

ಆದ್ದರಿಂದ ಕೇಳಬೇಕಾದದ್ದು ಮೂರೇ. ಪೆಟ್ಟಿಗೆಯ ಲೆಕ್ಕದ ಒಂದು ಪ್ರತಿ ದಿನವೂ ಚಾಲಕನ ಮೊಬೈಲಿಗೆ ಬರಲಿ. ಕಾದ ಹೊತ್ತಿಗೂ ಕೂಲಿ ಸಿಗಲಿ. ತೂಕ ಮೀರಿದ ಗಾಡಿ ಗಣಿಯ ಗೇಟು ದಾಟದಿರಲಿ. ದಾಟಿದರೆ ಮೊದಲ ನೋಟಿಸು ತುಂಬಿಸಿದವರ ವಿಳಾಸಕ್ಕೆ ಹೋಗಲಿ. ಹೊಸ ಯಂತ್ರವೇನೂ ಬೇಕಾಗಿಲ್ಲ, ಇರುವುದೇ ಸಾಕು. ಇಷ್ಟನ್ನೂ ಒಪ್ಪದವರು 'ಎಲ್ಲ ಗಾಡಿಗೂ ಜಿಪಿಎಸ್ ಇದೆ' ಎಂದು ಹೇಳಿಕೊಳ್ಳುವುದನ್ನಾದರೂ ನಿಲ್ಲಿಸಲಿ.