ಕತ್ತರಿಸಿದ ಗ್ರಾಫು, ಕತ್ತರಿಸಿದ ಮಾತು

ಬ್ರಿಟನ್ನಿನ ಚಾನೆಲ್ 4 ವಾಹಿನಿ 2007ರ ಮಾರ್ಚ್ 8ರಂದು ‘ದಿ ಗ್ರೇಟ್ ಗ್ಲೋಬಲ್ ವಾರ್ಮಿಂಗ್ ಸ್ವಿಂಡಲ್’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ನಿರ್ದೇಶಕ ಮಾರ್ಟಿನ್ ಡರ್ಕಿನ್ ಅವರ ವಾದ ನೇರವಾಗಿತ್ತು: ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ಮನುಷ್ಯರಿಂದಲ್ಲ, ಮಿಕ್ಕಿದ್ದೆಲ್ಲ ಮಹಾವಂಚನೆ. ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಇಂದಿಗೂ ಆಡುವ ಹಲವು ಮಾತುಗಳು ಈ ಒಂದೇ ಚಿತ್ರದಲ್ಲಿ ಸಿಗುತ್ತವೆ. ಹಾಗಾಗಿ ಅದನ್ನು ಹಳೆಯದೆಂದು ಬದಿಗಿಡುವಂತಿಲ್ಲ.

ಚಿತ್ರದ ಓಟ ಚುರುಕಾಗಿದೆ, ಮಾತಾಡುವವರ ದನಿಯಲ್ಲಿ ಭರವಸೆಯಿದೆ. ಆದರೆ ಗ್ರಾಫುಗಳ ಬಳಿ ನಿಂತು ನೋಡಿದರೆ ವಾದ ಅಲುಗಾಡುತ್ತದೆ. ಒಂದು ತಾಪಮಾನದ ಗ್ರಾಫಿನ ಅಂಕಿಅಂಶ 1980ರ ದಶಕದಲ್ಲೇ ಮುಗಿದಿತ್ತು. ಅದು 2000ದವರೆಗೂ ಇದೆಯೆಂಬಂತೆ ತೋರಿಸಲಾಯಿತು. ಬಿಸಿ ತೀವ್ರವಾಗಿ ಏರಿದ ವರ್ಷಗಳೇ ಹೀಗೆ ಕಾಣೆಯಾದವು. ಸೂರ್ಯನ ಚಟುವಟಿಕೆ ಕುರಿತ ಇನ್ನೊಂದು ಗ್ರಾಫಿಗೆ ಡೆನ್ಮಾರ್ಕಿನ ವಿಜ್ಞಾನಿ ಐಗಿಲ್ ಫ್ರಿಸ್-ಕ್ರಿಸ್ಟೆನ್ಸನ್ ಅವರ ಸಂಶೋಧನೆಯೇ ಆಧಾರ. ಮಾಹಿತಿಯೇ ಇಲ್ಲದ ಸುಮಾರು ನೂರು ವರ್ಷಗಳ ಜಾಗವನ್ನು ಚಿತ್ರದಲ್ಲಿ ತುಂಬಲಾಗಿದೆ ಎಂದು ಅವರೇ ಆಕ್ಷೇಪಿಸಿದರು. ಜ್ವಾಲಾಮುಖಿಗಳು ಮನುಷ್ಯರಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ ಎಂಬ ಮಾತಂತೂ ಶುದ್ಧ ಸುಳ್ಳು. ಅವುಗಳ ಪಾಲು ಮನುಷ್ಯರು ಹೊರಬಿಡುವುದರ ಶೇ 1ರ ಆಸುಪಾಸು. ಚಿತ್ರದ ಮುಂದಿನ ಆವೃತ್ತಿಯಲ್ಲಿ ಆ ಮಾತನ್ನು ತೆಗೆದುಹಾಕಬೇಕಾಯಿತು.

ಇನ್ನು ಸೂರ್ಯ. 1985ರ ಈಚೆಗೆ ಸೂರ್ಯನ ಚಟುವಟಿಕೆ ತಗ್ಗುತ್ತಿದ್ದರೂ ಭೂಮಿಯ ತಾಪ ಏರುತ್ತಲೇ ಇದೆ ಎಂದು ವಿಜ್ಞಾನಿಗಳಾದ ಮೈಕ್ ಲಾಕ್‌ವುಡ್ ಮತ್ತು ಕ್ಲಾಸ್ ಫ್ರೋಲಿಷ್ 2007ರಲ್ಲೇ ತೋರಿಸಿಕೊಟ್ಟರು. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ.

ಎಲ್ಲಕ್ಕಿಂತ ಬೇಸರ ತರಿಸುವುದು ಎಂಐಟಿಯ ಸಮುದ್ರವಿಜ್ಞಾನಿ ಕಾರ್ಲ್ ವುನ್ಶ್ ಅವರಿಗೆ ಆದ ಅನ್ಯಾಯ. ಸಮುದ್ರ ಬಿಸಿಯಾದರೆ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ ಎಂದು ಅವರು ಹೇಳಿದ್ದು ಅಪಾಯದ ಎಚ್ಚರಿಕೆಯಾಗಿ. ಚಿತ್ರದಲ್ಲಿ ಆ ಮಾತು ಮನುಷ್ಯ ನಿರಪರಾಧಿ ಎನ್ನುವುದಕ್ಕೆ ಸಾಕ್ಷಿಯಾಯಿತು. 2008ರ ಜುಲೈನಲ್ಲಿ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ವುನ್ಶ್ ಅವರ ದೂರನ್ನು ಭಾಗಶಃ ಎತ್ತಿಹಿಡಿಯಿತು. ಆದರೆ ಪ್ರೇಕ್ಷಕರಿಗೆ ಹಾನಿಯಾಗುವಷ್ಟು ದಾರಿ ತಪ್ಪಿಸಿಲ್ಲ ಎಂದೂ ಹೇಳಿತು. ಆ ಎರಡನೆಯ ಮಾತನ್ನು ಒಪ್ಪುವುದು ಕಷ್ಟ.

ಹಾಗಾದರೆ ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಎಚ್ಚರಿಸಿದ ಅಲ್ ಗೋರ್ ಅವರ ಸಾಕ್ಷ್ಯಚಿತ್ರ ‘ಆನ್ ಇನ್‌ಕನ್ವೀನಿಯೆಂಟ್ ಟ್ರುಥ್’ನಲ್ಲಿ ತಪ್ಪುಗಳಿರಲಿಲ್ಲವೇ? ಇದ್ದವು. ಲಂಡನ್ನಿನ ಹೈಕೋರ್ಟ್ 2007ರ ಅಕ್ಟೋಬರ್‌ನಲ್ಲಿ ಒಂಬತ್ತನ್ನು ಗುರುತಿಸಿತು, ಮೂಲ ವಿಜ್ಞಾನ ಸರಿಯಿದೆ ಎಂದೂ ಹೇಳಿತು. ಆ ತಪ್ಪುಗಳನ್ನು ತಿದ್ದಿದರೂ ಗೋರ್ ವಾದ ನಿಲ್ಲುತ್ತದೆ. ಡರ್ಕಿನ್ ಚಿತ್ರದ ತಪ್ಪುಗಳನ್ನು ತಿದ್ದಿದರೆ ವಾದವೇ ಉಳಿಯುವುದಿಲ್ಲ.

ಉಳಿಯುವುದು ಒಂದು ಪ್ರಶ್ನೆ, ಅದು ನಿಜಕ್ಕೂ ದೊಡ್ಡದು. ಡರ್ಕಿನ್ ಚಿತ್ರದಲ್ಲಿ ಬರುವ ಕೆನ್ಯಾದ ಹಳ್ಳಿಯೊಂದರ ಆಸ್ಪತ್ರೆಗೆ ಸೌರಫಲಕಗಳೇ ಗತಿ. ಔಷಧಿಯ ಫ್ರಿಜ್ ಮತ್ತು ದೀಪ ಎರಡನ್ನೂ ಒಟ್ಟಿಗೆ ನಡೆಸಲಾಗದು. ಬಡವರಿಗೆ ವಿದ್ಯುತ್ ಬೇಕೆಂಬ ಈ ಬೇಡಿಕೆಗೆ ಪರಿಸರವಾದಿಗಳು ಉತ್ತರ ಕೊಡಲೇಬೇಕು. ಚಿತ್ರ ಮಾತ್ರ ಆ ನೋವನ್ನು ಕಲ್ಲಿದ್ದಲು, ತೈಲದ ಪರವಾದ ವಾದಕ್ಕೆ ಬಳಸಿಕೊಂಡುಬಿಟ್ಟಿತು. ಅದೇ ಕೆನ್ಯಾದ ಓಲ್ಕಾರಿಯಾದಲ್ಲಿ 1981ರಿಂದಲೇ ಭೂಗರ್ಭದ ಶಾಖದಿಂದ ವಿದ್ಯುತ್ ತೆಗೆಯಲಾಗುತ್ತಿದೆ. ಇಂದು ಆ ದೇಶದ ವಿದ್ಯುತ್ತಿನ ಬಹುಪಾಲು ಭೂಶಾಖ, ನೀರು ಮತ್ತು ಗಾಳಿಯಿಂದ ಬರುತ್ತದೆ.