ಪುಟ್ಟಣ್ಣ ಥಿಯೇಟರ್ ಎಷ್ಟು ದೂರ ಇತ್ತು?

ಮುಚ್ಚಿಹೋದ ಥಿಯೇಟರ್‌ಗಳ ಬಗ್ಗೆ ಬರೆಯೋದು ಬೆಂಗಳೂರಲ್ಲಿ ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಎಂ.ಜಿ. ರಸ್ತೆಯ ಪ್ಲಾಜಾ ಹೋಗಿ ಮೆಟ್ರೋ ನಿಲ್ದಾಣ ಬಂದಾಗ ಒಂದಿಷ್ಟು ಲೇಖನ ಬಂದವು. 2017ರಲ್ಲಿ ಕಪಾಲಿ ಮುಚ್ಚಿದಾಗ ಇನ್ನೊಂದಿಷ್ಟು. ಎಲ್ಲದರಲ್ಲೂ ಅದೇ ಸಾಮಾನು: ಅಗ್ಗದ ಟಿಕೆಟ್ಟು, ಬ್ಲ್ಯಾಕಲ್ಲಿ ಮಾರುವವನು, ಇಂಟರ್ವಲ್ಲಿನ ಸಮೋಸ, ಹೀರೋ ಎಂಟ್ರಿಗೆ ತೂರಿದ ಚಿಲ್ಲರೆ. ಬರೆಯೋರು ಹೆಚ್ಚಿನಂಶ ಗಂಡಸರು, ನೆನಪುಗಳೂ ಗಂಡಸರವೇ. ನಾನೂ ಅಂಥದ್ದೊಂದು ಬರೆದು ಮೆಚ್ಚುಗೆ ಗಿಟ್ಟಿಸಿದ್ದೆ. ಅದರಲ್ಲಿ ಏನು ಬಿಟ್ಟುಹೋಗಿದೆ ಅಂತ ತಿಳಿಯೋಕೆ ನಮ್ಮವ್ವ ಊರಿಂದ ಬರಬೇಕಾಯ್ತು.

ನಾನು ಬರೆದಿದ್ದು ಜಯನಗರ 4ನೇ ಬ್ಲಾಕಿನ ಪುಟ್ಟಣ್ಣ ಥಿಯೇಟರ್ ಬಗ್ಗೆ. ಒಂದು ಕಡೆ ಬಸ್ ಸ್ಟ್ಯಾಂಡು, ಇನ್ನೊಂದು ಕಡೆ ತರಕಾರಿ ಮಾರ್ಕೆಟ್ಟು, ಅಲ್ಲೇ ಶಾಪಿಂಗ್ ಕಾಂಪ್ಲೆಕ್ಸು, ಅದರ ಜೊತೆಗೇ ಥಿಯೇಟರು. ಹೀರೋಗಳ ಹೆಸರಲ್ಲಿ ಬೀದಿ, ಸರ್ಕಲ್ಲು ಬೇಕಾದಷ್ಟಿವೆ. ನಿರ್ದೇಶಕನ ಹೆಸರಲ್ಲಿ ಥಿಯೇಟರ್ ಇದ್ದದ್ದು ಅಪರೂಪ. ಬಿಇ ಓದುವಾಗ ಅಲ್ಲಿಗೆ ಹೋಗ್ತಿದ್ದೆ. ಆಮೇಲೆ ಅದನ್ನು ಕೆಡವಿ ಹೊಸ ವಾಣಿಜ್ಯ ಕಟ್ಟಡ ಎಬ್ಬಿಸಿದರು. 'ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿಂದ ಬಂದ ಹಳ್ಳಿ ಹುಡುಗನ ಹೆಸರನ್ನು ನಗರ ನುಂಗಿತು' ಅಂತ ಲೇಖನ ಮುಗಿಸಿದ್ದೆ. ಸಾಲು ನನಗೇ ಬಹಳ ಇಷ್ಟವಾಗಿತ್ತು.

ಅವ್ವ ಬಂದಾಗ ಊಟಕ್ಕೆ ಕೂತು ಇದೇ ಕತೆ ತೆಗೆದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ.

"ಅದ್ರಲ್ಲಿ ಪುಟ್ಟಣ್ಣನ ಪಿಚ್ಚರ್ ಹಾಕ್ತಿದ್ರಾ?"

ನಾನು ಹೋದಾಗ ಒಂದ್ಸಲನೂ ಇರಲಿಲ್ಲ ಅಂದೆ.

"ಇಲ್ಲಿಂದ ಎಷ್ಟು ದೂರ ಇತ್ತು?"

"ಹತ್ತು ನಿಮಿಷ ಕಣವ್ವ. ನಡ್ಕೊಂಡೇ ಹೋಗ್ಬೋದಿತ್ತು."

"ಹಂಗಿದ್ರೆ ನಾನೊಬ್ಳೇ ಹೋಗಿ ಬರ್ತಿದ್ನಲ್ಲ ಮಗ."

ಈ ಮಾತು ಬಹಳ ದಿನ ತಲೆಯಲ್ಲೇ ಉಳೀತು. ಅವ್ವ 'ಶರಪಂಜರ' ನೋಡಿದ್ದು ಟೆಂಟಲ್ಲಿ. ಟೆಂಟಿಗೆ ಮ್ಯಾಟಿನಿ ಅನ್ನೋದೇ ಇರಲಿಲ್ಲ. ಬೆಳಕಿದ್ದರೆ ಬಟ್ಟೆ ಗುಡಾರದೊಳಗೆ ಚಿತ್ರ ಕಾಣಲ್ಲ. ಹಾಗಾಗಿ ಕತ್ತಲಾದ ಮೇಲೆಯೇ ಮೊದಲನೇ ಆಟ, ಎರಡನೇ ಆಟ. ರಾತ್ರಿ ಅಂದಮೇಲೆ ಅಪ್ಪನೋ ಅಣ್ಣನೋ ಒಪ್ಪಬೇಕು, ಜೊತೆಗೂ ಬರಬೇಕು. ಅವರಿಗೆ ಮನಸ್ಸಿಲ್ಲದಿದ್ದರೆ ಸಿನಿಮಾ ಇಲ್ಲ.

ಬಡಾವಣೆಯ ಥಿಯೇಟರ್ ಈ ಲೆಕ್ಕವನ್ನೇ ಬದಲಾಯಿಸಿತ್ತು. ಇಟ್ಟಿಗೆ ಗೋಡೆ ಬಂತು, ಹಗಲಲ್ಲೂ ಕತ್ತಲಾಯ್ತು, ಮ್ಯಾಟಿನಿ ಶುರುವಾಯ್ತು. ಮಕ್ಕಳು ಸ್ಕೂಲಲ್ಲಿ, ಗಂಡ ಆಫೀಸಲ್ಲಿ. ಪಕ್ಕದ್ಮನೆಯವರ ಜೊತೆ ನಡೆದುಹೋಗಿ ಸಿನಿಮಾ ನೋಡಿ, ತರಕಾರಿ ತಗೊಂಡು ವಾಪಸ್. ಯಾರ ಒಪ್ಪಿಗೆಯೂ ಬೇಡ.

ಪುಟ್ಟಣ್ಣನ ಸಿನಿಮಾಗಳಿಗೆ ಬೇಕಾಗಿದ್ದ ಪ್ರೇಕ್ಷಕರು ಇವರೇ. 'ಬೆಳ್ಳಿಮೋಡ' (1967), 'ಶರಪಂಜರ' (1971) ಎರಡೂ ತ್ರಿವೇಣಿ ಕಾದಂಬರಿಗಳು. 'ಗೆಜ್ಜೆಪೂಜೆ' (1969) ಎಂ.ಕೆ. ಇಂದಿರಾ ಅವರದು. 'ಶರಪಂಜರ'ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ಹುಚ್ಚಿಯಾಗಿಯೇ ನೋಡ್ತಾರೆ. ಅದನ್ನು ಗಂಡನ ಪಕ್ಕ ಕೂತು ನೋಡೋದೇ ಬೇರೆ, ಪಕ್ಕದ್ಮನೆಯವಳ ಪಕ್ಕ ಕೂತು ನೋಡೋದೇ ಬೇರೆ. ಕಾದಂಬರಿ ಓದಿದ ಹೆಂಗಸರು ನಡೆದು ಹೋಗಿ ಸಿನಿಮಾ ನೋಡುವಂತಿದ್ದರೆ ಮಾತ್ರ ಇಂಥ ಸಿನಿಮಾಕ್ಕೆ ಆಸರೆ.

ಹಾಗಾದರೆ ಅವರೆಲ್ಲ ಎಲ್ಲಿ ಹೋದರು? ಮಲ್ಟಿಪ್ಲೆಕ್ಸ್ ಬಂದು ಥಿಯೇಟರ್ ಕೊಂದಿತು ಅನ್ನೋದು ನಮ್ಮಂಥ ಲೇಖಕರ ಸಿದ್ಧ ಉತ್ತರ. ಆದರೆ ಮಲ್ಟಿಪ್ಲೆಕ್ಸ್ ಬರೋ ಮೊದಲೇ ಹೆಂಗಸರು ಥಿಯೇಟರ್ ಬಿಟ್ಟಿದ್ದರು. 1994ರಲ್ಲಿ ಉದಯ ಟಿವಿ ಬಂತು, ಧಾರಾವಾಹಿಗಳು ಬಂದವು. ಪುಟ್ಟಣ್ಣನ ಶಿಷ್ಯರಂತೆ ಕತೆ ಹೇಳೋರು ಟಿವಿಗೆ ಹೋದರು, ಕತೆ ಬೇಕಾದವರೂ ಅದರ ಹಿಂದೆ ಹೋದರು. ಥಿಯೇಟರಿನಲ್ಲಿ ಉಳಿದಿದ್ದು ನಾವು, ಶಿಳ್ಳೆ ಹೊಡೆಯೋರು. ಸಿನಿಮಾಗಳೂ ನಮಗೇ ತಕ್ಕಂತೆ ಆದವು. ಅಂದರೆ ನನ್ನ ಲೇಖನ ನೆನೆಸಿಕೊಂಡ ಪುಟ್ಟಣ್ಣ ಥಿಯೇಟರ್, ಪುಟ್ಟಣ್ಣನ ಪ್ರೇಕ್ಷಕರು ಎದ್ದುಹೋದ ಮೇಲಿನದು. ಕಟ್ಟಡ ಕೆಡವಿದ್ದು ಆಮೇಲಿನ ಮಾತು.

ಮಲ್ಟಿಪ್ಲೆಕ್ಸನ್ನು ಬೈದು ಪ್ರಯೋಜನ ಇಲ್ಲ. ಚೊಕ್ಕವಾಗಿದೆ, ಹೆಣ್ಣುಮಕ್ಕಳು ನೆಮ್ಮದಿಯಾಗಿ ಕೂರಬಹುದು. ಆದರೆ ಅವ್ವನನ್ನು ಕರೆದುಕೊಂಡು ಹೋದಾಗ ಆ್ಯಪಲ್ಲಿ ಟಿಕೆಟ್ ಮಾಡಿದ್ದು ನಾನು, ಕ್ಯಾಬ್ ಕರೆದದ್ದು ನಾನು, ಎಸ್ಕಲೇಟರ್ ಮುಂದೆ ಕೈ ಹಿಡಿದದ್ದೂ ನಾನು. ಶನಿವಾರ ನನಗೆ ಬಿಡುವಿದ್ದರೆ ಅವಳಿಗೆ ಸಿನಿಮಾ. ಟೆಂಟಿನ ಕಾಲಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಂದು ಅವಳಪ್ಪ, ಇಂದು ಮಗ. ದಿನವಿಡೀ ಸಾಫ್ಟ್‌ವೇರ್ ಬರೆದು 'ಬಳಸೋಕೆ ಸುಲಭ' ಅಂತ ಹೇಳಿಕೊಳ್ಳೋ ನನಗೆ ಇದು ಅಷ್ಟು ಸುಲಭಕ್ಕೆ ಹೊಳೆಯಲಿಲ್ಲ.

ಪುಟ್ಟಣ್ಣನ ಹೆಸರಿಗೇನೂ ಕೊರತೆಯಿಲ್ಲ. ನಿರ್ದೇಶಕರಿಗೆ ಸರ್ಕಾರ ಕೊಡುವ ಪ್ರಶಸ್ತಿಗೂ ಅವರದೇ ಹೆಸರು. ಹೆಸರಿಟ್ಟ ಕೂಡಲೇ ಋಣ ತೀರಿತು ಅಂದುಕೊಳ್ಳೋದು ನಮ್ಮ ರೂಢಿ. ಹೆಸರಿಲ್ಲದಿದ್ದರೂ ನಡೆಯುತ್ತೆ, ಪ್ರತಿ ಬಡಾವಣೆಯಲ್ಲೂ ನೂರಿನ್ನೂರು ಸೀಟಿನ ಒಂದು ಚಿಕ್ಕ ಹಾಲ್, ಅದರಲ್ಲೊಂದು ಮ್ಯಾಟಿನಿ ಕೇಳೋಣ.

ಹಳೇ ಲೇಖನದಲ್ಲಿ ಟಿಕೆಟ್ ರೇಟು ಬರೆದಿದ್ದೆ, ಸಮೋಸದ ರೇಟೂ ಬರೆದಿದ್ದೆ. ಮನೆಯಿಂದ ಥಿಯೇಟರಿಗೆ ಹತ್ತು ನಿಮಿಷ ಅಂತ ಮಾತ್ರ ಬರೆದಿರಲಿಲ್ಲ.